ಡಿಪಾರ್ಟ್‌ಮೆಂಟ್ ಸೆಮಿನಾರ್‌ನಲ್ಲಿ ಮೊದಲ ಟಾಕ್: ಕೂತವರಿಗೆ ಅರ್ಥ ಆಗುವ ಹಾಗೆ ಹೇಳುವುದು ಹೇಗೆ?

ಗ್ರಾಫ್ ಹುಡುಗಿ, ಬಳ್ಳಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ಗ್ರಾಫ್ ಥಿಯರಿ (ಬಿಂದುಗಳು, ಅವನ್ನು ಸೇರಿಸುವ ಗೆರೆಗಳ ಗಣಿತ), ಅದರಲ್ಲೂ ಡಾಮಿನೇಷನ್. ಕೋರ್ಸ್‌ವರ್ಕ್ ಮುಗಿದಿದೆ. ಮುಂದಿನ ತಿಂಗಳು ಸೆಮಿನಾರ್‌ನಲ್ಲಿ ನನ್ನ ಮೊದಲ ಟಾಕ್. ಮುಕ್ಕಾಲು ಗಂಟೆ ಮಾತಾಡಬೇಕು, ಆಮೇಲೆ ಪ್ರಶ್ನೆ.

ಕೂರುವವರು ಯಾರು ಅಂದ್ರೆ ಎಂಎಸ್ಸಿ ಎರಡೂ ವರ್ಷದವರು, ಫ್ಲೂಯಿಡ್ ಡೈನಾಮಿಕ್ಸ್, ಅಂದ್ರೆ ದ್ರವ, ಅನಿಲಗಳ ಹರಿವಿನ ಗಣಿತ ಮಾಡುವ ಸ್ಕಾಲರ್‌ಗಳು (ನಮ್ಮಲ್ಲಿ ಇವರೇ ಜಾಸ್ತಿ), ಒಬ್ಬಿಬ್ಬರು ಟೊಪಾಲಜಿಯವರು, ಗೆಸ್ಟ್ ಲೆಕ್ಚರರ್‌ಗಳು, ಮತ್ತೆ ಸರ್, ಮೇಡಂಗಳು. ನನ್ನ ವಿಷಯ ಗೊತ್ತಿರುವುದು ಗೈಡ್‌ಗೆ ಮತ್ತು ಒಬ್ಬ ಸೀನಿಯರ್ ಅಣ್ಣನಿಗೆ ಅಷ್ಟೇ.

ಇಲ್ಲಿವರೆಗೆ ಕೇಳಿದ ಟಾಕ್‌ಗಳು ಬಹಳಷ್ಟು ಒಂದೇ ಥರ ಇದ್ದವು. ಮೊದಲ ಸ್ಲೈಡಲ್ಲಿ ಹೆಸರು, ಎರಡನೇದರಲ್ಲಿ ಔಟ್‌ಲೈನ್, ಮೂರನೇದರಿಂದ ಡೆಫಿನಿಷನ್ ಶುರು. ಡೆಫಿನಿಷನ್ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನವರು ಫೋನ್ ತೆಗೆದಿರುತ್ತಾರೆ. ಆಮೇಲೆ ಥಿಯರಂ, ಲೆಮ್ಮಾ, ಮತ್ತೆ ಥಿಯರಂ, ರೆಫರೆನ್ಸ್, ಥ್ಯಾಂಕ್ ಯೂ. ಏನಾದರೂ ಪ್ರಶ್ನೆ ಇದೆಯಾ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಚಪ್ಪಾಳೆ, ಚಹಾ. ಮಾತಾಡಿದವರು ಎರಡು ಮೂರು ವರ್ಷ ಆ ಸಮಸ್ಯೆ ಹಿಂದೆ ಬಿದ್ದಿರುತ್ತಾರೆ, ಅವರು ಏನು ಕಂಡುಕೊಂಡರು ಅಂತ ಪಕ್ಕದ ಕೋಣೆಯಲ್ಲೇ ಕೂರುವ ನಮಗೆ ಗೊತ್ತಾಗುವುದಿಲ್ಲ ಅಂದ್ರೆ ನಿಜಕ್ಕೂ ಬೇಜಾರಾಗುತ್ತದೆ.

ನನ್ನ ಗೈಡ್ ಎಲ್ಲ ರಿಸಲ್ಟ್ ಹಾಕು ಅಂದಿದ್ದಾರೆ. ಸ್ಲೈಡ್ ಮಾಡುತ್ತಾ ಹೋದರೆ ಐವತ್ತು ದಾಟುತ್ತಿದೆ. ಎಷ್ಟು ಹೇಳಬೇಕು, ಏನು ಬಿಡಬೇಕು? ಮತ್ತೆ ಕನ್ನಡದಲ್ಲಿ ಹೇಳಬಹುದಾ? ನಮ್ಮಲ್ಲಿ ಹೆಚ್ಚಿನವರು ಪಿಯುಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು, ಕೆಲವರ ಮನೆಮಾತು ತೆಲುಗು. ಚಹಾ ಕುಡಿಯುವಾಗ ಎಲ್ಲರೂ ಗಣಿತ ಮಾತಾಡುವುದು ಕನ್ನಡದಲ್ಲೇ. ಟಾಕ್ ಅಂದ ಕೂಡಲೇ ಇಂಗ್ಲಿಷ್ ಆಗುತ್ತದೆ. ಅನುಭವ ಇರುವವರು ಹೇಳಿ.

ಕೃಷ್ಣೆಯ ದಂಡೆ, ರಾಯಚೂರು

ತಂಗಿ, ಮೊದಲು ಆ ಐವತ್ತು ಸ್ಲೈಡ್ ಪಕ್ಕಕ್ಕಿಡಿ. ನಾನು ಈಗ ಡಿಗ್ರಿ ಕಾಲೇಜಲ್ಲಿ ಪಾಠ ಮಾಡುತ್ತೇನೆ, ನನ್ನದೂ ಗ್ರಾಫ್ ಥಿಯರಿನೇ. ಡಾಮಿನೇಷನ್‌ನಷ್ಟು ಸುಲಭವಾಗಿ ಎದುರಿಗಿನವರ ಕೈಗೆ ಕೊಡಬಹುದಾದ ವಿಷಯ ಗಣಿತದಲ್ಲಿ ಕಡಿಮೆ. ಅದನ್ನೂ ಡೆಫಿನಿಷನ್‌ನಿಂದ ಶುರು ಮಾಡಿ ಹಾಳು ಮಾಡುತ್ತಾರೆ.

ಹೀಗೆ ಮಾಡಿ ನೋಡಿ. ಬೋರ್ಡ್ ಮೇಲೆ ನಮ್ಮ ರೈಲು ದಾರಿ ಬರೆಯಿರಿ: ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಮುನಿರಾಬಾದ್, ಕೊಪ್ಪಳ, ಗದಗ. ನಡುವಿನ ಸಣ್ಣ ಸ್ಟೇಷನ್ ಬಿಟ್ಟುಬಿಡಿ, ಈ ಆರೇ ಸಾಕು. ಈಗ ಕೇಳಿ: ರಿಪೇರಿ ತಂಡಗಳನ್ನು ಇಡಬೇಕು, ಪ್ರತಿ ಸ್ಟೇಷನ್‌ನಲ್ಲೂ ತಂಡ ಇರಬೇಕು, ಇಲ್ಲಾಂದ್ರೆ ಪಕ್ಕದ ಸ್ಟೇಷನ್‌ನಲ್ಲಿ ಇರಬೇಕು. ಕನಿಷ್ಠ ಎಷ್ಟು ತಂಡ ಬೇಕು? ಒಂದು ನಿಮಿಷ ಸುಮ್ನೆ ನಿಂತುಕೊಳ್ಳಿ. ಎಂಎಸ್ಸಿ ಮಕ್ಕಳು ತಾವೇ ಹೇಳುತ್ತಾರೆ, ಎರಡು ಸಾಕು, ತೋರಣಗಲ್ಲು ಮತ್ತು ಕೊಪ್ಪಳ. ಒಂದರಲ್ಲಿ ಯಾಕೆ ಆಗುವುದಿಲ್ಲ? ಒಂದು ತಂಡ ಹೆಚ್ಚೆಂದರೆ ಮೂರು ಸ್ಟೇಷನ್ ನೋಡಿಕೊಳ್ಳುತ್ತದೆ, ತಾನಿರುವುದು ಒಂದು, ಅಕ್ಕಪಕ್ಕ ಎರಡು. ಆರಕ್ಕೆ ಎರಡು ಬೇಕೇ ಬೇಕು. ಏಳು ಸ್ಟೇಷನ್ ಆದರೆ ಮೂರು. ಇಷ್ಟು ಹೇಳಿದ ಮೇಲೆ ಬರೆಯಿರಿ: ಸ್ಟೇಷನ್ ಅಂದ್ರೆ ಬಿಂದು, ಹೀಗೆ ಎಲ್ಲವನ್ನೂ ನೋಡಿಕೊಳ್ಳುವ ಬಿಂದುಗಳ ಗುಂಪು ಡಾಮಿನೇಟಿಂಗ್ ಸೆಟ್, ಅದಕ್ಕೆ ಕನಿಷ್ಠ ಎಷ್ಟು ಬಿಂದು ಬೇಕೋ ಅದು ಡಾಮಿನೇಷನ್ ನಂಬರ್. ಆಗ ಅದು ಅವರಿಗೆ ಹೊಸದಲ್ಲ, ಈಗಾಗಲೇ ಮಾಡಿದ ಕೆಲಸಕ್ಕೆ ಇಟ್ಟ ಹೆಸರು. ಚೆಸ್ ಆಡುವವರಿದ್ದರೆ ಇನ್ನೊಂದು ಮಾತು ಸೇರಿಸಿ: 64 ಮನೆಯ ಬೋರ್ಡಿನಲ್ಲಿ ಎಲ್ಲ ಮನೆಗೂ ಕಾವಲು ಬೀಳಲು 5 ರಾಣಿ ಸಾಕು, 4 ಸಾಲುವುದಿಲ್ಲ. ಇದು 19ನೇ ಶತಮಾನದ ಪ್ರಶ್ನೆ, ನಿಮ್ಮ ವಿಷಯದ ಬೇರುಗಳಲ್ಲಿ ಅದೂ ಒಂದು.

ಆಮೇಲೆ ಒಂದೇ ಒಂದು ಪ್ರೂಫ್, ಪೂರ್ತಿಯಾಗಿ. ನನ್ನ ಆಯ್ಕೆ ಗಣಿತಜ್ಞ ಓರ್ ಅವರ 1962ರ ಫಲಿತಾಂಶ. ಒಂಟಿ ಬಿಂದು (ಒಂದು ಗೆರೆಯೂ ತಾಗದ್ದು) ಇಲ್ಲದ ಯಾವ ಗ್ರಾಫ್‌ನಲ್ಲೂ ಡಾಮಿನೇಷನ್ ನಂಬರ್ ಒಟ್ಟು ಬಿಂದುಗಳ ಅರ್ಧಕ್ಕಿಂತ ಜಾಸ್ತಿ ಆಗುವುದಿಲ್ಲ. ಪ್ರೂಫ್ ಐದು ನಿಮಿಷದ್ದು. ಒಂದು ಬಿಂದುವನ್ನೂ ತೆಗೆಯಲಾಗದ ಡಾಮಿನೇಟಿಂಗ್ ಸೆಟ್ ತಗೊಳ್ಳಿ. ಅದರೊಳಗಿನ ಒಂದು ಬಿಂದುವಿಗೆ ಹೊರಗೆ ಒಬ್ಬ ನೆರೆಯವನೂ ಇಲ್ಲ ಅಂದುಕೊಳ್ಳಿ. ಒಂಟಿ ಅಲ್ಲವಲ್ಲ, ಹಾಗಾಗಿ ಅದಕ್ಕೆ ಸೆಟ್‌ನ ಒಳಗೇ ನೆರೆಯವನಿದ್ದಾನೆ. ಅಂದ್ರೆ ಆ ಬಿಂದುವನ್ನು ತೆಗೆದರೂ ಅದನ್ನು ನೋಡಿಕೊಳ್ಳಲು ಒಬ್ಬನಿದ್ದಾನೆ, ಹೊರಗಿನ ಯಾರಿಗೂ ಅದರಿಂದ ನಷ್ಟ ಇಲ್ಲ. ಆದರೆ ನಾವು ತಗೊಂಡಿದ್ದು ಏನೂ ತೆಗೆಯಲಾಗದ ಸೆಟ್ ಅಲ್ವಾ? ವಿರೋಧ ಬಂತು. ಹಾಗಾದರೆ ಒಳಗಿನ ಪ್ರತಿ ಬಿಂದುವಿಗೂ ಹೊರಗೆ ನೆರೆಯವನಿದ್ದಾನೆ, ಅಂದ್ರೆ ಹೊರಗೆ ಉಳಿದವರೂ ಒಂದು ಡಾಮಿನೇಟಿಂಗ್ ಸೆಟ್. ಎರಡರಲ್ಲಿ ಒಂದು ಅರ್ಧಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ.

ಫ್ಲೂಯಿಡ್‌ನವರೂ ಇದನ್ನು ಮನೆಗೆ ಒಯ್ಯುತ್ತಾರೆ. ನಿಮ್ಮ ಸ್ವಂತ ರಿಸಲ್ಟ್ ಇದಾದ ಮೇಲೆ ಬರಲಿ, ಒಂದು ಅಥವಾ ಎರಡು. ಉಳಿದದ್ದನ್ನು ಪೇಪರಲ್ಲಿ ಓದಿಕೊಳ್ಳಲಿ. 1900ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನ್ ಗಣಿತಜ್ಞ ಹಿಲ್ಬರ್ಟ್ ತಮ್ಮ ಪ್ರಸಿದ್ಧ ಸಮಸ್ಯೆಗಳ ಬಗ್ಗೆ ಮಾತಾಡಿದಾಗ ಅಚ್ಚಾದ ಪಟ್ಟಿಯಲ್ಲಿ 23 ಇದ್ದವು, ವೇದಿಕೆಯಲ್ಲಿ ಹೇಳಿದ್ದು 10 ಮಾತ್ರ. ಅವರೇ ಅಷ್ಟು ಬಿಟ್ಟಿದ್ದಾರೆ ಅಂದ್ರೆ ನಾವೂ ಬಿಡಬಹುದು.

ಕಾಲುವೆ ನೀರು, ಕೊಪ್ಪಳ

ನಾನು ಫ್ಲೂಯಿಡ್‌ನವನು. ಅಕ್ಕ, ನಿಮ್ಮ ಪ್ರಶ್ನೆಯಲ್ಲಿ ನಮ್ಮ ಟಾಕ್‌ಗಳ ಬಗ್ಗೆ ಹೇಳಿದ್ದು ಸರಿ. ನಮ್ಮಲ್ಲೂ ಒಂದು ಅಚ್ಚು ಇದೆ: ಗವರ್ನಿಂಗ್ ಈಕ್ವೇಷನ್, ಸಿಮಿಲಾರಿಟಿ ಟ್ರಾನ್ಸ್‌ಫರ್ಮೇಷನ್, ಷೂಟಿಂಗ್ ಮೆಥಡ್, ಆಮೇಲೆ ಇಪ್ಪತ್ತು ಗ್ರಾಫ್ (ನಿಮ್ಮ ಗ್ರಾಫ್ ಅಲ್ಲ, ಏರಿಳಿತ ತೋರಿಸುವ ಗೆರೆಚಿತ್ರ). ಪ್ರತಿ ಗ್ರಾಫ್‌ಗೂ "ಮ್ಯಾಗ್ನೆಟಿಕ್ ಪ್ಯಾರಾಮೀಟರ್ ಜಾಸ್ತಿ ಆದರೆ ವೇಗ ಕಡಿಮೆ ಆಗುತ್ತದೆ" ಅಂತ ಓದಿ ಮುಂದೆ ಹೋಗುತ್ತೇವೆ (ಆ ಪ್ಯಾರಾಮೀಟರ್ ಅಂದ್ರೆ ಕಾಂತಕ್ಷೇತ್ರ ಎಷ್ಟು ಬಲವಾಗಿದೆ ಅಂತ ತೋರಿಸುವ ಸಂಖ್ಯೆ). ಯಾಕೆ ಕಡಿಮೆ ಆಗುತ್ತದೆ ಅಂತ ಹೇಳಲು ಎರಡು ನಿಮಿಷ ಸಾಕು, ಅದನ್ನೇ ಹೇಳುವುದಿಲ್ಲ.

ನನಗೆ ಇಷ್ಟವಾದ ಉದಾಹರಣೆ ಹಿಗ್ಗುವ ಹಾಳೆಯ ಮೇಲಿನ ಹರಿವು. ಪ್ಲಾಸ್ಟಿಕ್ ಹಾಳೆ ತಯಾರಿಸುವಾಗ ಅದನ್ನು ಎಳೆಯುತ್ತಾ ಹೋಗುತ್ತಾರೆ, ಪಕ್ಕದ ದ್ರವವೂ ಅದರ ಜೊತೆ ಎಳೆದುಕೊಂಡು ಹೋಗುತ್ತದೆ. 1970ರಲ್ಲಿ ಕ್ರೇನ್ ಇದಕ್ಕೆ ನಿಖರ ಉತ್ತರ ಕೊಟ್ಟರು. ಕಂಪ್ಯೂಟರ್ ಬೇಡ, ಬೋರ್ಡ್ ಮೇಲೆ ಮೂರು ಸಾಲು. ಹಾಳೆಯಿಂದ ದೂರ ಹೋದಂತೆ ವೇಗ ಎಕ್ಸ್‌ಪೊನೆನ್ಶಿಯಲ್ ಆಗಿ ಇಳಿಯುತ್ತದೆ. ಕಾಂತಕ್ಷೇತ್ರ ಸೇರಿಸಿದರೂ ಉತ್ತರ ಅದೇ ರೂಪದಲ್ಲಿ ಉಳಿಯುತ್ತದೆ, ಇಳಿಕೆಯ ದರ ಮಾತ್ರ 1ರಿಂದ, 1 ಮತ್ತು ಮ್ಯಾಗ್ನೆಟಿಕ್ ಪ್ಯಾರಾಮೀಟರ್ ಕೂಡಿಸಿದ್ದರ ವರ್ಗಮೂಲಕ್ಕೆ ಏರುತ್ತದೆ. ಪ್ಯಾರಾಮೀಟರ್ 3 ಇಟ್ಟರೆ ದರ 2. ಕಾಂತಕ್ಷೇತ್ರ ಇಲ್ಲದಾಗ ಹಾಳೆಯಿಂದ ಒಂದು ಅಳತೆ ದೂರದಲ್ಲಿ ವೇಗ ಹಾಳೆಯ ವೇಗದ 0.37ರಷ್ಟು ಇದ್ದರೆ, ಈಗ 0.14ಕ್ಕೆ ಇಳಿದಿರುತ್ತದೆ. ಕಾರಣ ಲೊರೆಂಟ್ಸ್ ಬಲ, ಅಂದ್ರೆ ವಿದ್ಯುತ್ ಹರಿಯಬಲ್ಲ ದ್ರವದ ಮೇಲೆ ಕಾಂತಕ್ಷೇತ್ರ ಹಾಕುವ ಬಲ, ಅದು ಹರಿವಿಗೆ ಎದುರಾಗಿ ಎಳೆಯುತ್ತದೆ. ಇಷ್ಟನ್ನು ಎಂಎಸ್ಸಿ ಹುಡುಗರು ತಾವೇ ಈಕ್ವೇಷನ್‌ಗೆ ಹಾಕಿ ತಾಳೆ ನೋಡಬಹುದು. ಗ್ರಾಫ್ ಥಿಯರಿಯವರಿಗೂ ಅರ್ಥ ಆಗುತ್ತದೆ. ಆಮೇಲೆ ನನ್ನ ಸಮಸ್ಯೆ ಇದಕ್ಕಿಂತ ಎಲ್ಲಿ ಕಷ್ಟ, ನಿಖರ ಉತ್ತರ ಯಾಕೆ ಸಿಗುವುದಿಲ್ಲ ಅಂತ ಹೇಳಿದರೆ ಕೇಳುವವರಿಗೆ ಹಿಡಿತ ಇರುತ್ತದೆ.

ಸಮಯದ ಬಗ್ಗೆ ಒಂದು ಮಾತು. ನಾವು ದಿನಾ ಹೇಳುವ ಬೌಂಡರಿ ಲೇಯರ್ ಇದೆಯಲ್ಲ, ಅದನ್ನು ಜರ್ಮನ್ ವಿಜ್ಞಾನಿ ಪ್ರಾಂಟ್ಲ್ ಮೊದಲು ಹೇಳಿದ್ದು 1904ರಲ್ಲಿ ಹೈಡಲ್‌ಬರ್ಗ್‌ನ ಗಣಿತ ಕಾಂಗ್ರೆಸ್‌ನಲ್ಲಿ. ಅವರಿಗೆ ಸಿಕ್ಕಿದ್ದು ಹತ್ತು ನಿಮಿಷ. ದ್ರವದ ಸ್ನಿಗ್ಧತೆ ಎಷ್ಟೇ ಕಡಿಮೆ ಇದ್ದರೂ ಗೋಡೆ ಪಕ್ಕದ ತೆಳು ಪದರದಲ್ಲಿ ಅದನ್ನು ಬಿಡುವ ಹಾಗಿಲ್ಲ, ಪದರದ ಆಚೆ ಬಿಡಬಹುದು. ಒಂದೇ ವಿಚಾರ. ವಿಮಾನದ ರೆಕ್ಕೆಯ ಲೆಕ್ಕಕ್ಕೂ ಅದು ಆಧಾರವಾಯಿತು. ನಿಮಗೆ ಮುಕ್ಕಾಲು ಗಂಟೆ ಇದೆ, ಗಾಬರಿ ಬೇಡ.

ಭಾಷೆ: ಸ್ಲೈಡಲ್ಲಿ ಥಿಯರಂ ಇಂಗ್ಲಿಷಲ್ಲಿ ಇರಲಿ, ಮಾತು ಕನ್ನಡದಲ್ಲಿ ಇರಲಿ. ನನ್ನ ಅಭಿಪ್ರಾಯ ಇಷ್ಟೇ.

ಗಡಿಯಾಚೆ ಈಚೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಮೇಡಂ, ಮೊದಲು ಇದು ಯಾವ ಟಾಕ್ ಅಂತ ಗೈಡ್ ಹತ್ತಿರ ಖಚಿತ ಮಾಡಿಕೊಳ್ಳಿ. ಯುಜಿಸಿಯ 2022ರ ನಿಯಮದಲ್ಲಿ ಪ್ರತಿ ಸೆಮಿಸ್ಟರ್ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ ಪ್ರಗತಿ ಹೇಳುವುದು ಇದೆ. ಅಲ್ಲಿ ಕಮಿಟಿಗೆ ಬೇಕಾಗಿರುವುದು ಏನು ಮಾಡಿದಿರಿ, ಏನು ಬಾಕಿ, ಯಾವ ಪೇಪರ್ ಕಳಿಸಿದಿರಿ ಅನ್ನುವುದು. ಅಲ್ಲಿ ರೈಲು ಸ್ಟೇಷನ್ ಬರೆಯುತ್ತಾ ನಿಂತರೆ ಹತ್ತು ನಿಮಿಷ ಹೋಗುತ್ತದೆ. ಗೈಡ್ "ಎಲ್ಲ ಹಾಕು" ಅಂದಿದ್ದು ಆ ಲೆಕ್ಕದಲ್ಲಿ ಇರಬಹುದು. ವಿಭಾಗದ ಸೆಮಿನಾರ್ ಬೇರೆ, ಅಲ್ಲಿ ಮೇಲಿನವರು ಹೇಳಿದ ಹಾಗೆ ಮಾಡಿ. ನಮ್ಮಲ್ಲಿ ಎರಡಕ್ಕೂ ಒಂದೇ ಸ್ಲೈಡ್ ತೋರಿಸುವ ರೂಢಿ ಬಂದುಬಿಟ್ಟಿದೆ, ತೊಂದರೆ ಶುರುವಾಗುವುದೇ ಅಲ್ಲಿ. ಕಾನ್ಫರೆನ್ಸ್‌ಗಳೂ ಈ ರೂಢಿ ಬೆಳೆಸಿವೆ. 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಎರಡು ಕಡೆ ಪೇಪರ್ ಪ್ರೆಸೆಂಟ್ ಮಾಡಿರಲೇಬೇಕಿತ್ತು. ಸರ್ಟಿಫಿಕೇಟ್‌ಗಾಗಿ ಹತ್ತು ನಿಮಿಷದಲ್ಲಿ ಎಲ್ಲ ಓದಿ ಇಳಿಯುವುದು ಅಭ್ಯಾಸ ಆಯಿತು. 2022ರಲ್ಲಿ ಆ ಕಡ್ಡಾಯ ಹೋಯಿತು, ಅಭ್ಯಾಸ ಉಳಿದಿದೆ.

ಭಾಷೆ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನನ್ನ ಮನೆಮಾತು ತೆಲುಗು, ಓದಿದ್ದು ಕನ್ನಡದಲ್ಲಿ. ನಾಳೆ ವೈವಾಗೆ ಎಕ್ಸ್‌ಟರ್ನಲ್ ಪರೀಕ್ಷಕರು ಬೇರೆ ರಾಜ್ಯದಿಂದ ಬರುತ್ತಾರೆ. ಚೆನ್ನೈಗೆ, ಹೈದರಾಬಾದ್‌ಗೆ ಹೋಗಿ ಮಾತಾಡಬೇಕಾಗುತ್ತದೆ. ವಿಭಾಗದ ಸೆಮಿನಾರ್ ನಮ್ಮವರ ಮುಂದೆ ಇಂಗ್ಲಿಷ್ ರೂಢಿ ಮಾಡಿಕೊಳ್ಳಲು ಸಿಗುವ ಒಂದೇ ಜಾಗ. ತಡವರಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಇಲ್ಲೂ ಬಿಟ್ಟರೆ ಇನ್ನೆಲ್ಲಿ ಕಲಿಯುವುದು?

ಎರಡನೇ ಸೆಮ್

ನಾನು ಎಂಎಸ್ಸಿ ಓದುತ್ತಿದ್ದೇನೆ, ಸಿಂಧನೂರಿನಿಂದ ಬಂದವನು. ಹಿಂದಿನ ಬೆಂಚಿನವರ ಕಡೆಯಿಂದ ಬರೆಯುತ್ತಿದ್ದೇನೆ ಅಂತ ಇಟ್ಟುಕೊಳ್ಳಿ.

ನಾವು ಫೋನ್ ತೆಗೆಯುವುದು ಉದಾಸೀನದಿಂದ ಅಲ್ಲ. ಐದನೇ ನಿಮಿಷಕ್ಕೆ ದಾರಿ ತಪ್ಪಿದರೆ ಮತ್ತೆ ಹತ್ತಿಕೊಳ್ಳಲು ಒಂದು ಜಾಗವೂ ಸಿಗುವುದಿಲ್ಲ. ಟಾಕ್ ಮಧ್ಯೆ ಒಮ್ಮೆ ನಿಲ್ಲಿಸಿ "ಇಲ್ಲಿವರೆಗೆ ಇಷ್ಟು ಆಯಿತು, ಈಗ ಹೊಸ ವಿಷಯ" ಅಂತ ಹೇಳಿದರೆ ನಾವು ವಾಪಸ್ ಬರುತ್ತೇವೆ. ಎಲ್ಲರಿಗೂ ತಿಳಿದಿದ್ದು ಯಾವುದು, ನೀವು ಹೊಸದಾಗಿ ಮಾಡಿದ್ದು ಯಾವುದು ಅಂತ ಬಾಯಿಬಿಟ್ಟು ಹೇಳಿ. ಎಷ್ಟೋ ಟಾಕ್‌ಗಳಲ್ಲಿ ಇದೇ ಗೊತ್ತಾಗುವುದಿಲ್ಲ. ಇನ್ನೂ ಬಿಡಿಸದ ಪ್ರಶ್ನೆ ಯಾವುದು ಅಂತಲೂ ಹೇಳಿ. ಒಬ್ಬ ಸರ್ ನೇವಿಯರ್ ಸ್ಟೋಕ್ಸ್ ಈಕ್ವೇಷನ್ (ದ್ರವದ ಹರಿವನ್ನು ಹೇಳುವುದು) ಬಗ್ಗೆ ಹೇಳುವಾಗ ಮೂರು ಆಯಾಮದಲ್ಲಿ ಅದರ ಉತ್ತರ ಯಾವಾಗಲೂ ನಯವಾಗಿ ಉಳಿಯುತ್ತದಾ ಅನ್ನುವುದು ಇನ್ನೂ ಗೊತ್ತಿಲ್ಲ, 2000ರಲ್ಲಿ ಕ್ಲೇ ಸಂಸ್ಥೆ ಅದಕ್ಕೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿದೆ ಅಂದಾಗ ಇಡೀ ಕ್ಲಾಸ್ ಎದ್ದು ಕೂತಿತ್ತು. ದುಡ್ಡಿಗಿಂತ, ನಾವು ಪರೀಕ್ಷೆಗೆ ಬರೆಯುವ ಈಕ್ವೇಷನ್ ಬಗ್ಗೆಯೇ ಯಾರಿಗೂ ಗೊತ್ತಿಲ್ಲದ್ದು ಇದೆ ಅನ್ನುವುದು ಹಿಡಿಸಿತು.

ಕನ್ನಡದಲ್ಲಿ ಹೇಳಿ ಅಕ್ಕ. ಕನ್ನಡದಲ್ಲಿ ಹೇಳಿದರೆ ನಮಗೆ ಪ್ರಶ್ನೆ ಕೇಳಲು ಧೈರ್ಯ ಬರುತ್ತದೆ. ಪ್ರಶ್ನೆ ತಲೆಯಲ್ಲಿ ಇರುತ್ತದೆ, ಇಂಗ್ಲಿಷಲ್ಲಿ ಜೋಡಿಸುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿರುತ್ತದೆ.

ಹಳೇ ಮೇಷ್ಟ್ರು, ಗಂಗಾವತಿ

ಎಲ್ಲ ಓದಿದೆ, ಸಂತೋಷ ಆಯಿತು. ನಾವು ಓದುವಾಗ ಈ ಕಡೆಯ ಕಾಲೇಜುಗಳೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೆ ಇದ್ದವು. ಈಗ ಬಳ್ಳಾರಿಯಲ್ಲಿ 2010ರಿಂದ ಇದೆ, ರಾಯಚೂರಿಗೆ ಬಂತು, ಕೊಪ್ಪಳಕ್ಕೂ 2023ರಲ್ಲಿ ಬಂತು. ಮನೆ ಹತ್ತಿರವೇ ಸಂಶೋಧನೆ ಮಾಡಬಹುದು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲು ಎಷ್ಟೋ ಮನೆಗಳಲ್ಲಿ ಒಪ್ಪುತ್ತಿರಲಿಲ್ಲ, ಅದಕ್ಕೇ ಈ ಮಗಳ ಪ್ರಶ್ನೆ ಓದಿ ಮನಸ್ಸಿಗೆ ಹಿತ ಆಯಿತು.

ಟಾಕ್ ಕೆಡುವುದರಲ್ಲಿ ಮಾತಾಡುವವರ ಪಾಲು ಅರ್ಧ ಮಾತ್ರ. ಇನ್ನರ್ಧ ನಡೆಸುವವರದು, ಕೇಳುವವರದು. ವಿಶೇಷ ಉಪನ್ಯಾಸ ಅಂತ ಕರೆಯುತ್ತಾರೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಪರಿಚಯ, ಅಧ್ಯಕ್ಷರ ನುಡಿ. ಬಂದವರು ಚಾಕ್ ಹಿಡಿಯುವಾಗ ಮುಕ್ಕಾಲು ಗಂಟೆ ಕಳೆದಿರುತ್ತದೆ, ಊಟದ ಹೊತ್ತು ಆಗಿರುತ್ತದೆ. ಡಿಸೆಂಬರ್ 22ರ ಗಣಿತ ದಿನಕ್ಕೆ ಅದೆಲ್ಲ ಇರಲಿ, ಬೇಡ ಅನ್ನುವುದಿಲ್ಲ, ರಾಮಾನುಜನ್ ಹುಟ್ಟಿದ ದಿನ. ವಾರದ ಸೆಮಿನಾರ್‌ಗೆ ಏನೂ ಬೇಡ. ಹೆಸರು, ವಿಷಯ, ಶುರು. ಮಧ್ಯಾಹ್ನ ಎರಡು ಗಂಟೆಗೆ ಇಡಬೇಡಿ, ನಮ್ಮ ಬಿಸಿಲಲ್ಲಿ ಏಪ್ರಿಲ್‌ನಲ್ಲಿ ಆ ಹೊತ್ತಿಗೆ ಯಾರ ತಲೆಯೂ ಓಡುವುದಿಲ್ಲ. ಬೆಳಿಗ್ಗೆ ಇಡಿ.

ಇನ್ನು ಪ್ರಶ್ನೆ. ದೊಡ್ಡವರು ಮೊದಲು ಕೇಳಬಾರದು. ಮೊದಲ ಪ್ರಶ್ನೆ ಎಂಎಸ್ಸಿಯವರದು, ಎರಡನೇದು ಸ್ಕಾಲರ್‌ದು, ಆಮೇಲೆ ಮೇಷ್ಟ್ರುಗಳು. ಹೀಗೆ ಒಂದು ಕಟ್ಟಳೆ ಮಾಡಿದರೆ ಒಂದೆರಡು ತಿಂಗಳಲ್ಲಿ ಕೋಣೆ ಬದಲಾಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. 1993ರಲ್ಲಿ ಶುರುವಾದ ಎಂಟಿಟಿಎಸ್ (ಗಣಿತ ತರಬೇತಿ) ಬೇಸಿಗೆ ಶಿಬಿರಗಳಿಗೆ ಹೋಗಿ ಬಂದ ಮಕ್ಕಳನ್ನು ಕೇಳಿ, ಅಲ್ಲಿ ಪಾಠ ನಡೆಯುವುದೇ ಪ್ರಶ್ನೆಯ ಮೇಲೆ. ಅವರು ಬಂದು ಕೂತರೆ ಸೆಮಿನಾರ್‌ನ ಗಾಳಿಯೇ ಬೇರೆ. ಕೇಳುವುದಕ್ಕೆ ಆ ವಿಷಯದಲ್ಲಿ ಪಂಡಿತರಾಗಬೇಕಿಲ್ಲ. ಈ ಷರತ್ತು ಪ್ರೂಫ್‌ನಲ್ಲಿ ಎಲ್ಲಿ ಬಂತು ಅಂತ ಕೇಳಿ. ತೆಗೆದರೆ ಏನಾಗುತ್ತದೆ ಅಂತ ಕೇಳಿ. ಮೇಲೆ ರಾಯಚೂರಿನವರು ಹೇಳಿದ ಓರ್ ಫಲಿತಾಂಶದಲ್ಲಿ "ಒಂಟಿ ಬಿಂದು ಇಲ್ಲದ" ಅಂತ ಇದೆಯಲ್ಲ, ಅದನ್ನು ತೆಗೆದು ನೋಡಿ. ಒಂದು ಗೆರೆಯೂ ಇಲ್ಲದ ಹತ್ತು ಬಿಂದು ಬರೆಯಿರಿ, ಹತ್ತಕ್ಕೂ ತಂಡ ಬೇಕು, ಅರ್ಧ ಎಲ್ಲಿ ಬಂತು? ಯಾರಾದರೂ ಇದನ್ನು ಕೇಳಿದರೆ ಆ ದಿನದ ಟಾಕ್ ಸಾರ್ಥಕ.

ಭಾಷೆ ಬಗ್ಗೆ ಇಬ್ಬರ ಮಾತಲ್ಲೂ ಸತ್ಯ ಇದೆ. ನನ್ನ ಕಡೆಯಿಂದ ಹೇಳುವುದಾದರೆ, ಮೊದಲ ಟಾಕ್ ಕನ್ನಡದಲ್ಲಿ ಆಗಲಿ. ಒಮ್ಮೆ ತನ್ನ ಮಾತಲ್ಲಿ ಬಿಡಿಸಿ ಹೇಳಿದ್ದನ್ನು ಆಮೇಲೆ ಇಂಗ್ಲಿಷಲ್ಲಿ ಹೇಳುವುದು ಕಷ್ಟ ಅಲ್ಲ. ತಿರುಗಿಸಿ ಮಾಡಿದರೆ ಬರೀ ಬಾಯಿಪಾಠ ಉಳಿಯುತ್ತದೆ.

ಇನ್ನೊಂದು ಆಸೆ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆಯ ಸ್ಕಾಲರ್‌ಗಳು ತಿಂಗಳಿಗೊಂದು ಶನಿವಾರ ಒಂದು ಕಡೆ ಸೇರಿ. ಎರಡೇ ಟಾಕ್, ಬರೀ ಚಾಕ್, ನಡುವೆ ಒಗ್ಗರಣೆ ಮಿರ್ಚಿ. ಬಸ್ ಚಾರ್ಜ್ ಬಿಟ್ಟರೆ ಖರ್ಚಿಲ್ಲ.

ಗ್ರಾಫ್ ಹುಡುಗಿ, ಬಳ್ಳಾರಿ

ಎಲ್ಲರಿಗೂ ತುಂಬಾ ಧನ್ಯವಾದ. ಗೈಡ್ ಹತ್ತಿರ ಮಾತಾಡಿದೆ. "ಎಲ್ಲ ಹಾಕು" ಅಂದಿದ್ದು ಕಮಿಟಿ ಮೀಟಿಂಗ್‌ಗೆ, ಅದು ಬೇರೆ ದಿನ ಇದೆ. ಸೆಮಿನಾರ್ ನಿನ್ನಿಷ್ಟ ಅಂದರು. ಕನ್ನಡದಲ್ಲಿ ಹೇಳಲಾ ಅಂತ ಕೇಳಿದೆ, ಸ್ವಲ್ಪ ಯೋಚಿಸಿ, ಬೋರ್ಡ್ ಮೇಲಿನ ಬರಹ ಇಂಗ್ಲಿಷಲ್ಲಿ ಇರಲಿ, ಮಾತು ಕನ್ನಡದಲ್ಲಿ ಇರಲಿ ಅಂದರು. ಗಡಿಯಾಚೆ ಸರ್, ಕಮಿಟಿ ಮುಂದೆ ಇಂಗ್ಲಿಷಲ್ಲೇ ಹೇಳುತ್ತೇನೆ, ನಿಮ್ಮ ಮಾತು ಮರೆತಿಲ್ಲ.

ಈಗಿನ ಯೋಜನೆ: ರೈಲು ದಾರಿ, ಡೆಫಿನಿಷನ್, ಓರ್ ಪ್ರೂಫ್, ನನ್ನ ಒಂದು ರಿಸಲ್ಟ್, ಕೊನೆಗೆ ಒಂದು ಬಿಡಿಸದ ಪ್ರಶ್ನೆ. ವೈಜಿಂಗ್ ಊಹೆ ಹೇಳೋಣ ಅಂದುಕೊಂಡಿದ್ದೇನೆ. ಮತ್ತೆ ಎಲ್ಲ ಗ್ರಾಫ್‌ಗೂ ಡಾಮಿನೇಷನ್ ನಂಬರ್ ಕಂಡುಹಿಡಿಯುವುದು ಎನ್‌ಪಿ ಕಷ್ಟದ ಸಮಸ್ಯೆ ಅನ್ನುವುದಕ್ಕೂ ಪ್ರೂಫ್ ಕೊಡಬೇಕಾ?

ಕೃಷ್ಣೆಯ ದಂಡೆ, ರಾಯಚೂರು

ಅದರ ಪ್ರೂಫ್ ಬೇಡ ತಂಗಿ. ಒಂದು ವಾಕ್ಯ ಸಾಕು: ಸಾಮಾನ್ಯ ಗ್ರಾಫ್‌ಗೆ ವೇಗವಾದ ವಿಧಾನ ಯಾರಿಗೂ ಗೊತ್ತಿಲ್ಲ, ಆದರೆ ಗ್ರಾಫ್ ಮರದ ಆಕಾರದಲ್ಲಿದ್ದರೆ (ಎಲ್ಲ ಸೇರಿದ್ದು, ಸುತ್ತಿ ಬರುವ ದಾರಿ ಇಲ್ಲದಿದ್ದರೆ) ಬಿಂದುಗಳ ಸಂಖ್ಯೆಗೆ ತಕ್ಕಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ, ಅದು 1975ರಿಂದ ಗೊತ್ತು. ನಮ್ಮ ರೈಲು ದಾರಿಯೂ ಒಂದು ಮರವೇ ಅಂತ ತೋರಿಸಿ, ಎಲೆ, ಅಂದ್ರೆ ತುದಿ ಬಿಂದು ಕಡೆಯಿಂದ ಶುರು ಮಾಡಿ ಅಂತ ಹೇಳಿ ಬಿಡಿ. ಕಂಪ್ಯೂಟರ್ ಸೈನ್ಸ್‌ನವರು ಯಾರಾದರೂ ಬಂದಿದ್ದರೆ ಅವರೇ ಮುಂದೆ ಕೇಳುತ್ತಾರೆ.

ವೈಜಿಂಗ್ ಒಳ್ಳೆ ಆಯ್ಕೆ. 1968ರ ಊಹೆ, ಇನ್ನೂ ಬಾಗಿಲು ತೆಗೆದೇ ಇದೆ. ಎರಡು ಗ್ರಾಫ್‌ಗಳ ಕಾರ್ಟೀಸಿಯನ್ ಗುಣಲಬ್ಧದ ಡಾಮಿನೇಷನ್ ನಂಬರ್, ಆ ಎರಡರ ಡಾಮಿನೇಷನ್ ನಂಬರ್‌ಗಳ ಗುಣಲಬ್ಧಕ್ಕಿಂತ ಕಡಿಮೆ ಆಗುವುದಿಲ್ಲ ಅನ್ನುವುದು. ಬಾಯಲ್ಲಿ ಹೇಳಿದರೆ ಹಿಡಿಯುವುದಿಲ್ಲ, ಎರಡು ಸಣ್ಣ ದಾರಿಗಳ ಗುಣಲಬ್ಧ ಬರೆದು ತೋರಿಸಿ, ಜಾಲರಿ ಥರ ಬರುತ್ತದೆ, ಎಲ್ಲರಿಗೂ ಕಾಣುತ್ತದೆ.

ಆ ಆರು ಸ್ಟೇಷನ್ ಚಿತ್ರವನ್ನು ಬೋರ್ಡಿನ ಎಡಗಡೆ ಬರೆದು ಕೊನೇವರೆಗೂ ಅಳಿಸಬೇಡಿ. ಓರ್ ಪ್ರೂಫ್ ಮುಗಿದ ಮೇಲೆ ಅಲ್ಲಿಗೇ ವಾಪಸ್ ಹೋಗಿ, ತೋರಣಗಲ್ಲು, ಕೊಪ್ಪಳ ಬಿಟ್ಟು ಉಳಿದ ನಾಲ್ಕರಲ್ಲಿ ತಂಡ ಇಟ್ಟರೂ ಕೆಲಸ ನಡೆಯುತ್ತದಾ ಅಂತ ಮಕ್ಕಳನ್ನೇ ಕೇಳಿ. ತೋರಣಗಲ್ಲಿಗೆ ಬಳ್ಳಾರಿ ಇದೆ, ಕೊಪ್ಪಳಕ್ಕೆ ಮುನಿರಾಬಾದ್ ಇದೆ. ದಿನಾಂಕ ಗೊತ್ತಾದ ಮೇಲೆ ಇಲ್ಲಿ ಹಾಕಿ, ಶನಿವಾರ ಆದರೆ ನಾನೂ ಬರುತ್ತೇನೆ.